ಗುರುವಾರ, ಹನ್ನೊಂದು ಹತ್ತು

ಪೆರಂಬೂರಿನ ಆ ಮನೆಯಲ್ಲಿ ಫೋನು ಇದ್ದದ್ದು ಮುಂದಿನ ಕೋಣೆಯ ಗೋಡೆಗೂಡಿನಲ್ಲಿ. ಅದಕ್ಕೆ ಕ್ರೋಷಾ ಹಾಕಿದ ಬಿಳಿ ಹೊದಿಕೆ, ಪಕ್ಕದಲ್ಲಿ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರು. ನನ್ನ ಬಯೋಡೇಟಾದಲ್ಲಿ ಆ ಫೋನಿನ ನಂಬರು ಬರೆದು ಮುಂದೆ ‘ಪಿಪಿ’ ಎಂದು ಸೇರಿಸಿದ್ದೆ. ಅಂದರೆ ಫೋನು ನನ್ನದಲ್ಲ, ಎತ್ತಿದವರು ನನ್ನನ್ನು ಕರೆಯುತ್ತಾರೆ ಎಂದರ್ಥ. ಮೊಬೈಲು ಆಗಿನ್ನೂ ನನ್ನಂಥವರ ಕೈಗೆ ಬಂದಿರಲಿಲ್ಲ. ಎತ್ತುವವರು ದೊಡ್ಡಮ್ಮ.

ದೊಡ್ಡಮ್ಮ ಅಂದರೆ ನನ್ನ ಅಮ್ಮನ ದೊಡ್ಡಪ್ಪನ ಮಗಳು. ಹದಿನೆಂಟನೇ ವಯಸ್ಸಿಗೆ ಅರಸೀಕೆರೆಯಿಂದ ಮದುವೆಯಾಗಿ ಬಂದವರು. ಗಂಡ ರೈಲು ಡಬ್ಬಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು, ನಾನು ಅಲ್ಲಿಗೆ ಹೋಗುವ ಹೊತ್ತಿಗೆ ತೀರಿಕೊಂಡಿದ್ದರು. ಮಗ, ಸೊಸೆ ಇಬ್ಬರೂ ಬ್ಯಾಂಕಿನವರು, ಮೊಮ್ಮಗಳು ಶಾಲೆಗೆ ಹೋಗುವವಳು. ಬೆಳಗ್ಗೆ ಖಾಲಿಯಾದ ಮನೆ ಮತ್ತೆ ತುಂಬುತ್ತಿದ್ದದ್ದು ಸಂಜೆಗೆ. ಮನೆಮಾತು ಹೆಸರಿಗೆ ಕನ್ನಡ. ದೊಡ್ಡಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆ ಮಗ ಅರ್ಧ ತಮಿಳು ಅರ್ಧ ಇಂಗ್ಲಿಷಿನಲ್ಲಿ ಹೇಳುತ್ತಿದ್ದ, ಮೊಮ್ಮಗಳು ಪೂರಾ ತಮಿಳಿನಲ್ಲಿ. “ಅಜ್ಜಿ ಅನ್ನೇ” ಎಂದು ಎಷ್ಟು ಹೇಳಿಕೊಟ್ಟರೂ ಆ ಹುಡುಗಿ “ಸೆರಿ ಪಾಟಿ” ಎಂದು ಓಡುತ್ತಿದ್ದಳು. ದೊಡ್ಡಮ್ಮನ ಕನ್ನಡಕ್ಕೂ ತಮಿಳು ಧಾರಾಳವಾಗಿ ಬೆರೆತಿತ್ತು. ಆದರೂ ಅದು ಅರಸೀಕೆರೆಯ ಕನ್ನಡವೇ, ಮತ್ತು ಅದರಲ್ಲಿ ಅವರಿಗೆ ತಿರುಗಿ ಮಾತಾಡುತ್ತಿದ್ದವಳು ನಾನೊಬ್ಬಳು. ಆಗ ಇದನ್ನು ನಾನು ದೊಡ್ಡದಾಗಿ ಗಮನಿಸಿರಲಿಲ್ಲ.

ನಾನು ಚೆನ್ನೈಗೆ ಬಂದದ್ದು ತೊಂಬತ್ತೆಂಟರಲ್ಲಿ, ಎಂಸಿಎ ಮುಗಿಸಿ. ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ದಿಕ್ಕು ತಪ್ಪುತ್ತವೆ ಎಂದು ಲೋಕವೆಲ್ಲ ಹೆದರಿದ್ದ ಕಾಲ. ಎರಡಂಕಿಯ ಇಸವಿಗಳನ್ನು ನಾಲ್ಕಂಕಿ ಮಾಡುವುದು ನನ್ನ ಕೆಲಸ. ಸಾವಿರಾರು ಸಾಲುಗಳಲ್ಲಿ ಅದನ್ನೇ ಹುಡುಕಿ ಹುಡುಕಿ ತಿದ್ದಿದೆ. ಎರಡು ಸಾವಿರ ಬಂತು, ಏನೂ ಆಗಲಿಲ್ಲ, ಎಲ್ಲರೂ ಮರೆತರು. ಮರುವರ್ಷ ನಮ್ಮ ಸಣ್ಣ ಕಂಪನಿ ಬಾಗಿಲು ಹಾಕಿತು. ಊರಿಗೆ ವಾಪಸು ಹೋಗುವುದಕ್ಕೆ ನಾಚಿಕೆ. “ಕೆಲ್ಸ ಸಿಕ್ಕೋವರ್ಗೂ ಇಲ್ಲೇ ಇರು. ಎಲ್ಲಿಗೆ ಹೋಗ್ತೀಯ ಮಾ?” ಎಂದರು ದೊಡ್ಡಮ್ಮ. ತಾರಸಿಯ ಮೇಲಿನ ಒಂಟಿ ಕೋಣೆ ಮೊದಲಿನಿಂದಲೂ ನನ್ನದಾಗಿತ್ತು. ಅವರ ಬಾಯಲ್ಲಿ ಅದು ‘ಮೊಟ್ಟೈಮಾಡಿ ರೂಮು’.

ಕೆಲಸ ಹುಡುಕುವುದೇ ಒಂದು ಕೆಲಸವಾಯಿತು. ಬುಧವಾರದ ಪೇಪರಿನಲ್ಲಿ ಜಾಹೀರಾತಿಗೆ ಗುರುತು ಹಾಕುವುದು, ಬ್ರೌಸಿಂಗ್ ಸೆಂಟರಿನಲ್ಲಿ ಕೂತು ಬಯೋಡೇಟಾ ಕಳಿಸುವುದು, ಫೈಲು ಎದೆಗೊತ್ತಿಕೊಂಡು ವಾಕ್-ಇನ್ ಸಾಲಿನಲ್ಲಿ ನಿಲ್ಲುವುದು. ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ಬರೆದಿಡುತ್ತಿದ್ದೆ: ಯಾವ ಕಂಪನಿ, ಯಾವ ವಾರ, ಎಷ್ಟು ಗಂಟೆ, ಏನಾಯಿತು. ‘ಏನಾಯಿತು’ ಎಂಬ ಕಾಲಮಿನಲ್ಲಿ ‘ಇಲ್ಲ’, ‘ಇಲ್ಲ’, ‘ಇಲ್ಲ’ ಎಂದು ಪುಟ ತುಂಬುತ್ತಿತ್ತು. ನನ್ನ ಜೊತೆಯವರು ಒಬ್ಬೊಬ್ಬರಾಗಿ ಎಲ್ಲೋ ಸೇರಿಕೊಂಡು ಮರೆಯಾದರು. ಸಾಲಿನಲ್ಲಿ ಪಕ್ಕ ನಿಂತವರ ಜೊತೆ ಸ್ನೇಹ ಮಾಡಲು ಮನಸ್ಸಾಗುತ್ತಿರಲಿಲ್ಲ, ಇರುವುದು ಒಂದೋ ಎರಡೋ ಸ್ಥಾನ. ಇಷ್ಟು ದೊಡ್ಡ ಊರಿನಲ್ಲಿ ನಾನು ಯಾರಿಗೂ ಬೇಕಾಗಿಲ್ಲ ಎಂದು ಬಸ್ಸಿನಲ್ಲಿ ಕೂತು ಅತ್ತದ್ದುಂಟು.

ಮಧ್ಯಾಹ್ನ ದೊಡ್ಡಮ್ಮ ಮಂಡಿನೋವಿನಲ್ಲೂ ಇಪ್ಪತ್ತೆರಡು ಮೆಟ್ಟಿಲು ಹತ್ತಿ ಕಾಫಿ ತರುತ್ತಿದ್ದರು. ಬಾಗಿಲಲ್ಲೇ ಪ್ರಶ್ನೆ: “ಏನೇ, ಯಾರಾದ್ರೂ ಕರೆದ್ರಾ ಕೆಲ್ಸಕ್ಕೆ?”

“ಇಲ್ಲ ದೊಡ್ಡಮ್ಮ.”

“ಹೋಗ್ಲಿ ಬಿಡು. ಇದಿಲ್ದೆ ಇದ್ರೆ ಇನ್ನೊಂದು. ಸಂಜೆ ರೊಟ್ಟಿ ಮಾಡ್ತೀನಿ, ಕೆಳಗೆ ಬಾ.”

ಇಲ್ಲ ಎಂದ ದಿನ ಸಬ್ಬಸಿಗೆ ಸೊಪ್ಪಿನ ಅಕ್ಕಿರೊಟ್ಟಿ ಕಡ್ಡಾಯ. ನನ್ನನ್ನು ಸಮಾಧಾನ ಮಾಡಲು ಎಷ್ಟು ಕಷ್ಟಪಡುತ್ತಾರೆ ಎಂದು ಕಣ್ಣು ತುಂಬುತ್ತಿತ್ತು. ರೊಟ್ಟಿ ತಟ್ಟುತ್ತಾ ಅವರು ತಮ್ಮ ಊರಿನ ಜಂಕ್ಷನ್ನು, ತಂಗಿಯರು, ಶಾಲೆ ಬಿಡಿಸಿದ ದಿನ ಎಲ್ಲವನ್ನೂ ಹೇಳುವರು. ನಾನು ಹೂಂಗುಡುತ್ತಿದ್ದೆ.

ಆ ಮನೆಗೆ ಇನ್ನೊಬ್ಬ ಯಜಮಾನನಿದ್ದ, ರಾಹುಕಾಲ. ದಿನಕ್ಕೆ ಒಂದೂವರೆ ಗಂಟೆ ಅವನ ಆಳ್ವಿಕೆ, ವಾರ ಬದಲಾದರೆ ಹೊತ್ತೂ ಬದಲು. ಚೆನ್ನೈಯಲ್ಲಿ ಅದನ್ನು ಕ್ಯಾಲೆಂಡರಿನ ಪ್ರತಿ ಹಾಳೆಯಲ್ಲೂ ಅಚ್ಚು ಹಾಕಿರುತ್ತಾರೆ, ಆದರೆ ದೊಡ್ಡಮ್ಮನಿಗೆ ಹಾಳೆ ಬೇಕಿರಲಿಲ್ಲ. ಏಳು ವಾರದ ರಾಹುಕಾಲವೂ ಮಗ್ಗಿಯಂತೆ ಬಾಯಿಪಾಠ. ಸೋಮವಾರ ಏಳೂವರೆಯಿಂದ ಒಂಬತ್ತು, ಸೊಸೆ ಕೆಲಸಕ್ಕೆ ಹೊರಡುವ ಹೊತ್ತು. ಅದಕ್ಕೆ ದೊಡ್ಡಮ್ಮ ಏಳು ಗಂಟೆಗೇ ಸೊಸೆಯ ಹ್ಯಾಂಡ್‌ಬ್ಯಾಗನ್ನು ವರಾಂಡದಲ್ಲಿ ಇಟ್ಟು ಬರುತ್ತಿದ್ದರು. ಬ್ಯಾಗು ಹೊರಟಾಯಿತು, ಅಂದರೆ ಸೊಸೆಯೂ ಹೊರಟಂತೆ ಎಂಬ ಲೆಕ್ಕ. ಒಮ್ಮೆ ಸೊಸೆ ಬ್ಯಾಗು ವರಾಂಡದಲ್ಲೇ ಮರೆತು ಹೋಗಿದ್ದಳು. ಆ ಮನೆಯಲ್ಲಿ ರಾಹುಕಾಲ ಅಂದರೆ ದೊಡ್ಡಮ್ಮ ಹೇಳಿದ ಹೊತ್ತು, ಹಾಳೆ ನೋಡಿ ಪರೀಕ್ಷೆ ಮಾಡುವವರು ಯಾರೂ ಇರಲಿಲ್ಲ.

ಹೀಗಿರುವಾಗ ಶೋಳಿಂಗನಲ್ಲೂರಿನ ಒಂದು ಕಂಪನಿಯ ಬರಹದ ಪರೀಕ್ಷೆಯಲ್ಲಿ ನಾನು ಪಾಸಾದೆ. ಎರಡನೇ ಸುತ್ತು ಫೋನಿನಲ್ಲೇ, ಈ ವಾರ ಯಾವಾಗ ಬೇಕಾದರೂ ಮಾಡಬಹುದು ಎಂದರು. ಊರಿನ ಆ ತುದಿಗೆ ದಿನಾ ಓಡಾಡಲು ಆಗುವುದಿಲ್ಲ, ಸಿಕ್ಕರೆ ಅಲ್ಲೇ ಹಾಸ್ಟೆಲ್ಲಿಗೆ ಹೋಗುತ್ತೇನೆ ಎಂದು ದೊಡ್ಡಮ್ಮನಿಗೆ ಖುಷಿಯಲ್ಲಿ ಹೇಳಿದೆ. ಅವರು “ಸೆರಿ” ಎಂದರು. ಸೋಮವಾರದಿಂದ ಬುಧವಾರದವರೆಗೆ ಫೋನಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ಸ್ನಾನಕ್ಕೆ ಹೋದರೂ ಬಾಗಿಲು ಅರ್ಧ ತೆರೆದಿರುತ್ತಿತ್ತು. ಗುರುವಾರ ಬೆಳಗ್ಗೆ ದೊಡ್ಡಮ್ಮನೇ ಎಬ್ಬಿಸಿದರು. “ನಾಲ್ಕು ದಿನದ ಬಟ್ಟೆ ಬಿದ್ದಿದೆ, ಹೋಗಿ ಒಗೆದು ಒಣಗ್ಹಾಕು. ನಾನಿಲ್ಲೇ ಇದ್ದೀನಲ್ಲ, ಫೋನ್ ಬಂದ್ರೆ ಕೂಗ್ತೀನಿ.”

ನಾನು ತಾರಸಿಯಲ್ಲಿ ಬಟ್ಟೆ ಹಿಂಡಿ ಹರವಿ ಇಳಿದು ಬಂದಾಗ ದೊಡ್ಡಮ್ಮ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ.

“ಫೋನ್ ಬಂದಿತ್ತು ಕಣೇ. ಹನ್ನೊಂದು ಹತ್ತಕ್ಕೆ.”

“ಯಾರದ್ದು?”

“ನಿನ್ನ ಕಂಪನಿಯವ್ರದ್ದೇ. ರಾಹುಕಾಲ ನಡೀತಿತ್ತು. ಒಳ್ಳೆ ವಿಷ್ಯ, ಕೆಟ್ಟ ಹೊತ್ತಲ್ಲಿ ಯಾಕೆ ಅಂತ, ಅವ್ಳಿಲ್ಲ, ಆಮೇಲೆ ಮಾಡಿ ಅಂದೆ.”

ಓಡಿಹೋಗಿ ಆ ಕಂಪನಿಗೆ ಫೋನು ಹಚ್ಚಿದೆ. ಎತ್ತಿದ ಹುಡುಗಿ, ಸಂಬಂಧಪಟ್ಟವರು ಮೀಟಿಂಗಿನಲ್ಲಿದ್ದಾರೆ, ಅವರೇ ತಿರುಗಿ ಮಾಡುತ್ತಾರೆ ಎಂದಳು. ಯಾರೂ ತಿರುಗಿ ಮಾಡಲಿಲ್ಲ. ಮರುದಿನವೂ ಇಲ್ಲ, ಶನಿವಾರವೂ ಇಲ್ಲ. ಸೋಮವಾರ ಬ್ರೌಸಿಂಗ್ ಸೆಂಟರಿನಲ್ಲಿ ಮೇಲ್ ತೆರೆದರೆ, ಜಾಗ ಭರ್ತಿಯಾಗಿದೆ, ನಿಮ್ಮ ಆಸಕ್ತಿಗೆ ವಂದನೆಗಳು ಎಂದು ಎರಡು ಸಾಲು. ನೋಟ್‌ಬುಕ್ಕಿನಲ್ಲಿ ಬರೆದೆ: ‘ಗುರುವಾರ, 11.10, ಫೋನ್, ದೊಡ್ಡಮ್ಮ, ರಾಹುಕಾಲ. ಇಲ್ಲ.’

ಅವತ್ತು ನಾನು ದೊಡ್ಡಮ್ಮನ ಮೇಲೆ ಕಿರುಚಾಡಿದ್ದನ್ನು ಇಲ್ಲಿ ಪೂರ್ತಿ ಬರೆಯಲಾರೆ. ನಿಮ್ಮ ರಾಹುಕಾಲಕ್ಕೆ ಬೆಂಕಿ ಬೀಳ ಎಂದೆ. ನನ್ನ ಬಾಳು ಹಾಳು ಮಾಡಿದಿರಿ ಎಂದೆ. ಮನೆ ಬಾಡಿಗೆ ಇಲ್ಲದೆ ಇಟ್ಟುಕೊಂಡವರಿಗೆ ಹೀಗೆನ್ನಬಾರದು ಎಂದು ತಿಳಿಯದಷ್ಟು ದಡ್ಡಿಯಲ್ಲ, ಆದರೂ ಎಂದೆ. ಅವರು ಸಂಜೆ ರೊಟ್ಟಿ ತಂದು ಕೋಣೆಯ ಬಾಗಿಲಲ್ಲಿಟ್ಟು ಹೋದರು. ನನಗೆ ಕೋಪ ಬಂದರೆ ಹಸಿವು ಹೆಚ್ಚು, ತಿಂದೆ.

ನಾಲ್ಕು ತಿಂಗಳ ಮೇಲೆ ಹಳೆಯ ಸಹೋದ್ಯೋಗಿಯೊಬ್ಬಳ ಶಿಫಾರಸಿನಿಂದ ಬೇರೆ ಕಂಪನಿಯಲ್ಲಿ ಕೆಲಸ ಸಿಕ್ಕಿತು, ಅದೂ ಶೋಳಿಂಗನಲ್ಲೂರಿನ ಕಡೆಯೇ. ಆ ಸಲ ಮೇಲ್‌ನಲ್ಲೇ ಎಲ್ಲ ಮುಗಿದಿದ್ದರಿಂದ ಫೋನು ಯಾರೂ ಎತ್ತಬೇಕಾಗಲಿಲ್ಲ. ಹೊರಡುವ ದಿನ ದೊಡ್ಡಮ್ಮ ಒಳ್ಳೆಯ ಹೊತ್ತು ನೋಡಿ ನನ್ನ ಸೂಟ್‌ಕೇಸನ್ನು ತಾವೇ ವರಾಂಡಕ್ಕೆ ಎಳೆದು ತಂದು ಇಟ್ಟರು. “ವಾರಕ್ಕೊಂದ್ಸಲ ಬಾ” ಎಂದರು. ಮೊದಮೊದಲು ತಿಂಗಳಿಗೊಮ್ಮೆ ಹೋದೆ. ಆಮೇಲೆ ಹಬ್ಬಕ್ಕೆ. ಆಮೇಲೆ ಯುಗಾದಿಗೊಂದು ಫೋನು.

ಕೋಪ ಇಳಿದ ಮೇಲೆ ಅದು ನನ್ನ ಅತಿ ದೊಡ್ಡ ತಮಾಷೆಯ ಕಥೆಯಾಯಿತು. ಕ್ಯಾಂಟೀನಿನಲ್ಲಿ ಹೊಸಬರು ಸೇರಿದಾಗಲೆಲ್ಲ, “ನಮ್ಮ ದೊಡ್ಡಮ್ಮ ಒಂದು ಕಂಪನಿಯ ಎಚ್‌ಆರ್‌ನವರನ್ನೇ ರಾಹುಕಾಲ ಅಂತ ವಾಪಸು ಕಳಿಸಿದ್ದರು” ಎಂದು ಶುರು ಮಾಡುತ್ತಿದ್ದೆ. ದೊಡ್ಡಮ್ಮನ ದನಿ, ಅವರ ತಮಿಳುಮಿಶ್ರಿತ ಇಂಗ್ಲಿಷು ಎಲ್ಲ ಅಭಿನಯಿಸುತ್ತಿದ್ದೆ. ತಮಿಳಿನವರಂತೂ ನಗುತ್ತಾ ಮೇಜು ಬಡಿಯುತ್ತಿದ್ದರು, ಎಲ್ಲರ ಮನೆಯಲ್ಲೂ ಅಂಥ ಒಬ್ಬ ಪಾಟಿ ಇದ್ದೇ ಇರುತ್ತಾಳೆ. ಏಳು ವರ್ಷ ಆ ಕಥೆಯನ್ನು ನಾನು ಕಣ್ಣು ಮುಚ್ಚಿ ನಂಬಿದ್ದೆ.

ಆ ದಶಕದ ಕೊನೆಗೆ ಮತ್ತೆ ಕೆಟ್ಟ ಕಾಲ ಬಂತು. ನಮ್ಮ ಕಂಪನಿಯ ಮುಖ್ಯ ಕಚೇರಿ ಸಿಂಗಪುರದಲ್ಲಿ. ಚೆನ್ನೈ ಶಾಖೆ ಮುಚ್ಚಿ ಎಲ್ಲರನ್ನೂ ಕಳಿಸಿದರು. ಹಳೆಯ ಸಾಫ್ಟ್‌ವೇರ್ ಒಂದರ ಒಳಹೊರಗು ಗೊತ್ತಿದ್ದವಳು ನಾನೊಬ್ಬಳೇ ಎಂದು ನನ್ನನ್ನು ಉಳಿಸಿಕೊಂಡು, ಮನೆಯಿಂದಲೇ ಕೆಲಸ ಮಾಡು ಎಂದರು. ಪುಣ್ಯವಂತೆ ಎಂದು ಎಲ್ಲರೂ ಅಂದರು. ನಾನೂ ಅಂದುಕೊಂಡೆ, ಸುಮಾರು ಮೂರು ವಾರ.

ಶೋಳಿಂಗನಲ್ಲೂರಿನಲ್ಲಿ ಮೂರನೇ ಮಹಡಿಯ ಒಂದು ಬೆಡ್‌ರೂಮಿನ ಫ್ಲಾಟು. ಸಿಂಗಪುರದ ಒಂಬತ್ತು ಗಂಟೆ ಅಂದರೆ ನಮಗೆ ಬೆಳಗಿನ ಆರೂವರೆ. ಚಾಟ್ ಕಿಟಕಿಯಲ್ಲಿ ಒಂದು ಶುಭೋದಯ ಟೈಪು ಮಾಡಿದರೆ ಕೆಲಸ ಶುರು, ಮಧ್ಯಾಹ್ನ ಮೂರೂವರೆಗೆ ಅವರೆಲ್ಲ ಮನೆಗೆ ಹೋಗುತ್ತಿದ್ದರು. ಪರದೆಯ ಮೇಲಿನ ಹಸಿರು ಚುಕ್ಕೆಗಳು ಒಂದೊಂದಾಗಿ ಆರುತ್ತಿದ್ದವು. ಆಮೇಲೆ ಸಂಜೆ, ಅದು ಮುಗಿಯುತ್ತಲೇ ಇರಲಿಲ್ಲ. ಕೆಳಗೆ ರಸ್ತೆಯಲ್ಲಿ ಕಂಪನಿ ಬಸ್ಸುಗಳು, ಕತ್ತಿಗೆ ಕಾರ್ಡು ನೇತುಹಾಕಿಕೊಂಡು ಕಚಪಿಚ ಮಾತಾಡುತ್ತಾ ಇಳಿಯುವ ಹುಡುಗಿಯರು. ಒಂದು ಬೆಳಗ್ಗೆ ನಾನೂ ಹಳೆಯ ಗುರುತಿನ ಚೀಟಿ ಹುಡುಕಿ ಕತ್ತಿಗೆ ಹಾಕಿಕೊಂಡು ಕಂಪ್ಯೂಟರ್ ಮುಂದೆ ಕೂತೆ. ನೀರಿನ ಕ್ಯಾನಿನವನು ಬೆಲ್ ಒತ್ತಿದಾಗ ಗಾಬರಿಯಿಂದ ಕಿತ್ತು ದಿಂಬಿನ ಕೆಳಗೆ ತುರುಕಿದೆ. ಅಷ್ಟಾದರೂ ಯಾರೋ ಬಂದರಲ್ಲ ಎಂದು ಸಂತೋಷವಾಯಿತು.

ಮದುವೆ ಮಾಡಿಕೊಂಡಿರಲಿಲ್ಲ, ಅದರ ಬಗ್ಗೆ ಯಾರೂ ಕೇಳುವ ಅಗತ್ಯವಿಲ್ಲ. ವಾರಕ್ಕೊಮ್ಮೆ ಸಿಂಗಪುರದ ಮೇಲಧಿಕಾರಿ ಫೋನಿನಲ್ಲಿ ಮಾತಾಡುತ್ತಿದ್ದರು. ಪ್ರತಿ ಸಲವೂ, ನಿಮಗೆ ನೆಗಡಿಯಾ ಎಂದು ಕೇಳುವರು. ನೆಗಡಿಯಲ್ಲ, ಅದು ನನ್ನ ಗಂಟಲಿನಿಂದ ಆ ದಿನ ಹೊರಟ ಮೊದಲ ಮಾತು. ಕನ್ನಡವಂತೂ ಅಮ್ಮನ ಫೋನು ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಒಮ್ಮೆ ಎಣಿಸಿ ನೋಡಿದರೆ ಹನ್ನೊಂದು ದಿನ ಒಂದು ಕನ್ನಡ ಶಬ್ದ ಆಡಿರಲಿಲ್ಲ. ಬಚ್ಚಲಲ್ಲಿ ನಿಂತು ನನಗೆ ನಾನೇ “ಊಟ ಆಯ್ತಾ?” ಎಂದು ಜೋರಾಗಿ ಕೇಳಿಕೊಂಡೆ. ಕೇಳಿ ಹೆದರಿಕೆಯಾಯಿತು. ದಿನಗಳ ಗುರುತೇ ಸಿಗದಂತಾಗಿ ದಿನಸಿ ಅಂಗಡಿಯವರು ಕೊಟ್ಟ ಹಾಳೆ ಹರಿಯುವ ಕ್ಯಾಲೆಂಡರನ್ನು ಗೋಡೆಗೆ ಹಾಕಿಕೊಂಡೆ. ಬೆಳಗ್ಗೆ ಒಂದು ಹಾಳೆ ಹರಿದರೆ ನಿನ್ನೆ ಮುಗಿಯಿತು ಎಂದು ಖಾತ್ರಿಯಾಗುತ್ತಿತ್ತು.

ಹೀಗೆ ಇರಲಾರೆ, ನಾಲ್ಕು ಜನ ಇರುವ ಆಫೀಸು ಬೇಕು ಎಂದು ಮತ್ತೆ ಕೆಲಸ ಹುಡುಕಲು ಕೂತೆ. ಬಯೋಡೇಟಾ ಹೊಸದು ಮಾಡಲು ಹಳೆಯ ತಾರೀಖುಗಳು ಬೇಕಿದ್ದವು. ಅಟ್ಟದ ಮೇಲಿನ ಸೂಟ್‌ಕೇಸಿನಿಂದ ಆ ಉದ್ದನೆಯ ನೋಟ್‌ಬುಕ್ಕು ತೆಗೆದೆ. ಇಲ್ಲ, ಇಲ್ಲ, ಇಲ್ಲ. ನಡುವೆ ಆ ಸಾಲು: ‘ಗುರುವಾರ, 11.10, ಫೋನ್, ದೊಡ್ಡಮ್ಮ, ರಾಹುಕಾಲ.’ ನಗು ಬಂತು. ಎದುರು ಗೋಡೆಯಲ್ಲಿ ಆ ದಿನದ ಹಾಳೆಯಿತ್ತು. ಅದೂ ಗುರುವಾರವೇ. ಸುಮ್ಮನೆ ಕಣ್ಣು ಹೋಯಿತು. ರಾಹುಕಾಲ, ಮಧ್ಯಾಹ್ನ ಒಂದೂವರೆಯಿಂದ ಮೂರು.

ಎದ್ದು ಹೋಗಿ ಮುಂದಿನ ಹಾಳೆಗಳನ್ನು ಎತ್ತಿ ನೋಡಿದೆ. ಮುಂದಿನ ಗುರುವಾರ, ಅದರ ಮುಂದಿನದು, ತಿಂಗಳಾಚೆಯದು. ಎಲ್ಲ ಗುರುವಾರಕ್ಕೂ ಒಂದೂವರೆಯಿಂದ ಮೂರೇ. ಬೆಳಗ್ಗೆ ಹನ್ನೊಂದು ಹತ್ತಕ್ಕೆ ಗುರುವಾರ ಯಾವ ಕಾಲಕ್ಕೂ ರಾಹುಕಾಲ ಇಲ್ಲ. ಇದು ದೊಡ್ಡಮ್ಮನಿಗೆ ತಪ್ಪುವ ವಿಷಯವಲ್ಲ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಸರಿಯಾಗಿ ಹೇಳುವವರು ಅವರು.

ಮೊದಲು ಬಂದದ್ದು ಕೋಪವೇ. ಏಳು ವರ್ಷ ಹಳೆಯ ಕೋಪ, ಆದರೆ ಬಿಸಿ ಒಂದಿಷ್ಟೂ ಆರಿರಲಿಲ್ಲ. ಬೇಕೆಂದೇ ಮಾಡಿದರು. ನನ್ನನ್ನು ತಾರಸಿಗೆ ಕಳಿಸಿದ್ದೂ ಬೇಕೆಂದೇ. ಆಮೇಲೆ ಆ ರೊಟ್ಟಿಗಳು ನೆನಪಾದವು. ನಾನು ‘ಇಲ್ಲ’ ಎಂದಾಗ ಅವರ ಮುಖದಲ್ಲಿ ಕಾಣುತ್ತಿದ್ದದ್ದು ಮರುಕ ಎಂದುಕೊಂಡಿದ್ದೆ. ಮರುಕವಲ್ಲ, ನಿರಾಳ. ನನಗೆ ಕೆಲಸ ಸಿಗದ ದಿನಗಳೆಲ್ಲ ಆ ಮನೆಯಲ್ಲಿ ಹಬ್ಬ. ಇನ್ನೂ ಬೈಯಬೇಕು ಎಂದು ಬಾಯಿ ತೆರೆದೆ. ಫ್ಲಾಟಿನಲ್ಲಿ ಕೇಳಲು ಯಾರೂ ಇರಲಿಲ್ಲ, ಹಾಗಾಗಿ ಅತ್ತೆ.

ಅದರ ಮುಂದಿನ ಗುರುವಾರ ಸಿಂಗಪುರದವರಿಗೆ ಯಾವುದೋ ಹಬ್ಬದ ರಜೆ. ಮುಂಚೆ ಫೋನು ಮಾಡದೆ ಬಸ್ಸು ಹತ್ತಿ, ಬದಲಿಸಿ, ಪೆರಂಬೂರಿಗೆ ಹೋದೆ. ದಾರಿಯುದ್ದಕ್ಕೂ ಪ್ರಶ್ನೆಯನ್ನು ಕಟ್ಟಿ ಕಟ್ಟಿ ನೋಡಿದೆ. ದೊಡ್ಡಮ್ಮ ಒಬ್ಬರೇ ಇದ್ದರು. ಕುಗ್ಗಿದ್ದರು, ಒಂದು ಕಣ್ಣಿಗೆ ಆಪರೇಷನ್ ಆಗಿತ್ತು. ಗೇಟಿನಲ್ಲಿ ನನ್ನನ್ನು ಕಂಡವರು “ಯಾರು?” ಎನ್ನಲಿಲ್ಲ, “ಊಟ ಮಾಡ್ಕೊಂಡು ಬಂದ್ಯಾ?” ಎಂದರು. ನಾಲ್ಕು ವರ್ಷ ಮುಖ ತೋರಿಸದವಳನ್ನು ನಿನ್ನೆ ಹೋದವಳಂತೆ ಅಡುಗೆಮನೆಗೆ ಕರೆದುಕೊಂಡು ಹೋಗಿ ಮಣೆ ಹಾಕಿದರು. ಹಿಟ್ಟು ಕಲಸುತ್ತಾ ಮಾತಾಡಿದರು. ಎಷ್ಟು ಮಾತಾಡಿದರೆಂದರೆ, ತುಂಬಾ ದಿನ ಕೂಡಿಟ್ಟದ್ದು ಎಂದು ತಿಳಿಯುತ್ತಿತ್ತು. ಮೊಮ್ಮಗಳು ಕಾಲೇಜು, ಮನೆಗೆ ಬಂದರೆ ಕಿವಿಗೆ ಹಾಡು ಹಾಕಿಕೊಳ್ಳುತ್ತಾಳೆ. ಮಗನಿಗೆ ಬಡ್ತಿ. ಅರಸೀಕೆರೆಯ ತಂಗಿಯರಲ್ಲಿ ಈಗ ಒಬ್ಬಳೂ ಇಲ್ಲ.

“ನಿನಗೆ ಹೆಂಗಿದೆ ಕೆಲ್ಸ?”

“ಮನೇಲೇ ಕೂತು ಮಾಡೋದು ದೊಡ್ಡಮ್ಮ. ಆಫೀಸಿಲ್ಲ. ಒಬ್ಳೇ.”

“ದಿನವೆಲ್ಲ ಒಬ್ಳೇನಾ?” ಎಂದು ಅವರು ತಟ್ಟುವುದನ್ನು ನಿಲ್ಲಿಸಿ ಕೇಳಿದರು. ಇದುವರೆಗೆ ಯಾರೂ ಹಾಗೆ ಕೇಳಿರಲಿಲ್ಲ.

ನನ್ನ ಮೊಬೈಲು ಹೊಡೆದುಕೊಂಡದ್ದು ಆಗಲೇ. ಅರ್ಜಿ ಹಾಕಿದ್ದ ಕಂಪನಿಗಳಲ್ಲಿ ಒಂದು.

“ಯಾರೇ ಅದು?”

“ಕೆಲ್ಸಕ್ಕೆ ದೊಡ್ಡಮ್ಮ. ಇಂಟರ್‌ವ್ಯೂಗೆ.”

“ಮತ್ತೇನು, ಎತ್ತು.”

ಎತ್ತಲಿಲ್ಲ. ಕಟ್ ಮಾಡಿದೆ. ಹನ್ನೊಂದು ದಾಟಿತ್ತು. ದಾರಿಯಲ್ಲಿ ಕಟ್ಟಿಕೊಂಡು ಬಂದಿದ್ದ ಪ್ರಶ್ನೆಗಳೆಲ್ಲ ಹೋಗಿ ಬಾಯಿಗೆ ಬೇರೆಯದೇ ಬಂತು. “ಈಗ ರಾಹುಕಾಲ ಅಲ್ವಾ, ಆಮೇಲೆ ಮಾತಾಡ್ತೀನಿ,” ಎಂದೆ. ಚುಚ್ಚಬೇಕು ಎಂದೇ ಅಂದೆ, ಸುಳ್ಳು ಹೇಳುವುದಿಲ್ಲ.

ಅವರ ಕೈ ರೊಟ್ಟಿಯ ಮೇಲೆ ನಿಂತಿತು. ಮುಂದಿನ ಕೋಣೆಯ ಕ್ಯಾಲೆಂಡರಿನ ಕಡೆ ತಿರುಗಲಿಲ್ಲ. “ಇವತ್ತು ಗುರುವಾರ ಕಣೇ,” ಎಂದರು. “ರಾಹುಕಾಲ ಒಂದೂವರೆಗೆ.”

“ಅವತ್ತೂ ಗುರುವಾರವೇ ದೊಡ್ಡಮ್ಮ.”

ಅವರು ಒಲೆ ಆರಿಸಿದರು. ಸೆರಗಿನಿಂದ ಕೈ ಒರೆಸಿಕೊಂಡು ನನ್ನೆದುರು ನೆಲದ ಮೇಲೆ ಕೂತರು. “ನೀನು ಹೊರಟುಹೋದ್ರೆ ಹಗಲೆಲ್ಲ ಯಾರ ಹತ್ರ ಮಾತಾಡ್ಲಿ ಅನ್ನಿಸ್ಬಿಡ್ತು. ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ. ಮತ್ತೆ ಮಾಡ್ಲಪ್ಪಾ ಅಂತ ಎರಡು ದಿನ ದೇವ್ರನ್ನ ಕೇಳ್ಕೊಂಡೆ. ಮಾಡ್ದೆ ಇದ್ದಾಗ ಸಂತೋಷಾನೂ ಆಯ್ತು. ಅದನ್ನ ಯಾರಿಗೆ ಹೇಳ್ಲಿ?”

ಆ ಗುರುವಾರ ಫೋನಿನ ಮುಂದೆ ನಿಂತಿದ್ದ ಹೆಂಗಸಿನ ಎದೆಯಲ್ಲಿ ಏನಿತ್ತು ಎಂಬುದು ಏಳು ವರ್ಷದ ಹಿಂದೆ ನನಗೆ ಅರ್ಥವಾಗುವುದು ಸಾಧ್ಯವಿರಲಿಲ್ಲ. ಈಗ ಅದು ಬಾಯಿಪಾಠವಾಗಿತ್ತು.

“ಮೇಲಿನ ರೂಮು ಹಾಗೇ ಇದೆ,” ಎಂದರು ದೊಡ್ಡಮ್ಮ, ನೆಲ ನೋಡುತ್ತಾ. “ಬಾಡಿಗೆಗೆ ಕೊಡಮ್ಮಾ ಅಂತ ಮಗ ಹೇಳ್ತಾನೇ ಇರ್ತಾನೆ. ಕೇಳ್ಕೊಂಡು ಯಾರಾದ್ರೂ ಬಂದ್ರೆ, ಈಗ ರಾಹುಕಾಲ, ಆಮೇಲೆ ಬನ್ನಿ ಅಂತ ಕಳಿಸ್ಬಿಡ್ತೀನಿ.”

ಮೊಬೈಲು ಮತ್ತೆ ಹೊಡೆದುಕೊಂಡಿತು. ಅದನ್ನು ಮಗುಚಿ ಇಟ್ಟು, ಮೇಲಿನ ಕೋಣೆಯ ಬೀಗದ ಕೈ ಎಲ್ಲಿದೆ ಎಂದು ಕೇಳಿದೆ.